ಖಾಲಿ ಡಬ್ಬಿ ಮತ್ತು ನಮ್ಮ ವೆಬ್‌ಸೈಟು

ಅಂಗಡಿಯನ್ನು ಬೀದಿಯಲ್ಲಿ ಇಟ್ಟವರ ಫಜೀತಿ ಒಂದು ಥರ, ಮೊಬೈಲಿನೊಳಗೆ ಇಟ್ಟವರದು ಇನ್ನೊಂದು ಥರ. ನಮ್ಮ ಮನೆಯಲ್ಲಿ ಈ ಎರಡನೆಯ ಥರದ್ದು ವಾರ ತಪ್ಪದೆ ನಡೆಯುತ್ತದೆ. ಪ್ರತಿ ಸಲವೂ ತಪ್ಪು ನನ್ನದೇ ಎಂದು ತೀರ್ಮಾನವಾಗುತ್ತದೆ, ಯಾಕೆಂದರೆ ನಾವು ಬಂದು ನೆಲೆಸಿದ ಈ ಮರಾಠಿ ಊರಿನಲ್ಲಿ, ಹಿಂಜವಾಡಿಯ ಐಟಿ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ಮನೆಯಲ್ಲಿ ನಾನೊಬ್ಬನೇ.

ಅಂಗಡಿ ನಮ್ಮ ವೈನಿಯದು, ಅಂದರೆ ಅಣ್ಣನ ಹೆಂಡತಿಯದು. ಶಿವಾಜಿನಗರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ದಿನಾ ಟ್ರಾಫಿಕ್ಕಿನಲ್ಲಿ ಕೂತು ಕೂತು ಬೇಸತ್ತು ಕೆಲಸ ಬಿಟ್ಟು ಚಟ್ನಿಪುಡಿ ಮಾಡಲು ನಿಂತರು. ಶೇಂಗಾ, ಗುರೆಳ್ಳು, ಅಗಸಿ. ನಮ್ಮ ಧಾರವಾಡದ ಕಡೆಯ ರುಚಿ, ತಿಂದವರು ಮರೆಯುವುದಿಲ್ಲ. ತೊಂದರೆ ಏನೆಂದರೆ ತಿಂದವರೆಲ್ಲ ನೆಂಟರು, ನೆಂಟರು ದುಡ್ಡು ಕೊಡುವುದಿಲ್ಲ. ಶಾಲೆಯ ಮುಖ್ಯಾಧ್ಯಾಪಕಿ ದೀಪಾವಳಿಯವರೆಗೆ ಜಾಗ ಖಾಲಿ ಇಟ್ಟಿರುತ್ತೇನೆ ಅಂದಿದ್ದರು. ವೈನಿ ತಮಗೆ ತಾವೇ ಕರಾರು ಹಾಕಿಕೊಂಡರು: "ದೀಪಾವಳಿಯೊಳಗ ನಮ್ಮ ಬಳಗದಾಗ ಇಲ್ಲದವರು ಒಬ್ಬರರೆ ರೊಕ್ಕ ಕೊಟ್ಟು ತಗೋಬೇಕು. ಇಲ್ಲಂದ್ರ ನಾ ಸಾಲಿಗೆ ವಾಪಸ್."

ಹೇಳುವಾಗ ನಗುತ್ತಿದ್ದರು. ಆದರೆ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಅದನ್ನು ನೋಡಿ ವೆಬ್‌ಸೈಟು ನಾನು ಮಾಡಿಕೊಡುತ್ತೇನೆ ಅಂದುಬಿಟ್ಟೆ.

೧. ಮೊದಲ ಪುಟ

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಚೌಕಗಳನ್ನು ಬರೆದು ತೋರಿಸಿದೆ. ಇಲ್ಲಿ ಫೋಟೋ, ಇಲ್ಲಿ ರೇಟು, ಇಲ್ಲಿ ಒತ್ತಿದರೆ ಆರ್ಡರು. ಅವ್ವ ಕನ್ನಡಕ ಹಾಕಿಕೊಂಡು ಬಂದು ನೋಡಿದಳು.

"ಮಂದಿ ಮನಿಗೆ ಬಂದ ಕೂಡ್ಲೇ ರೇಟ್ ಹೇಳ್ತಾರೇನೋ? ಮೊದ್ಲ ಯಾವೂರು, ಯಾರ ಪೈಕಿ ಅಂತ ಕೇಳಬೇಕು."

"ಅವ್ವಾ, ಇದು ವೆಬ್‌ಸೈಟು."

"ಇರಲಿ. ಅಲ್ಲಿಗೆ ಬರವರೂ ಮಂದೀನ ಹೌದಲ್ಲೋ."

ವೈನಿ ನನ್ನ ಪಕ್ಷ ವಹಿಸುತ್ತಾರೆ ಅಂದುಕೊಂಡಿದ್ದೆ. ಅವರೂ ಅತ್ತೆಯ ಕಡೆ ವಾಲಿದರು. ಊರು ಗೊತ್ತಾದರೆ ಖಾರ ಎಷ್ಟು ಹಾಕಬೇಕೆಂದು ಗೊತ್ತಾಗುತ್ತದಂತೆ. ಹೀಗಾಗಿ ನಮ್ಮ ವೆಬ್‌ಸೈಟಿಗೆ ಬಂದವರು ಚಟ್ನಿಯ ಮುಖ ನೋಡುವ ಮೊದಲು ಹೆಸರು, ಊರು, ತಾಯಿಯ ತವರೂರು, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂಬುದನ್ನೆಲ್ಲ ತುಂಬಬೇಕಾಯಿತು.

ಬಹಳ ಜನ ಅಲ್ಲಿಂದಲೇ ಓಡಿಹೋದರು. ಕೊನೆಗೆ ಸಾಸವಡದ ಒಬ್ಬ ಹಿರಿಯರು ಎಲ್ಲವನ್ನೂ ನಿಷ್ಠೆಯಿಂದ ತುಂಬಿ ಕಳಿಸಿದರು. ಮೊದಲ ಗಿರಾಕಿ ಬಂದರೆಂದು ವೈನಿ ಒಲೆ ಆರಿಸಿ ಓಡಿಬಂದರು. ಕೊನೆಯ ಸಾಲನ್ನು ನಾನೇ ಓದಿದೆ: ಹುಡುಗ ಬ್ಯಾಂಕಿನಲ್ಲಿದ್ದಾನೆ, ಸ್ವಂತ ಮನೆ ಇದೆ, ಹುಡುಗಿಯ ಫೋಟೋ ಮತ್ತು ಜಾತಕ ಕಳಿಸಿಕೊಡಿ.

ವೈನಿ ಒಲೆ ಹಚ್ಚಲು ವಾಪಸ್ ಹೋದರು. ಅವ್ವ ಮಾತ್ರ ಇನ್ನೊಂದು ಸಲ ಓದಿಸಿ ಕೇಳಿ, "ಮನೆತನ ಚಲೋ ಕಾಣಸ್ತದ. ನಂಬರ್ ಇಟ್ಕೋ, ಯಾರಿಗರೆ ಬೇಕಾಗ್ತದ" ಅಂದಳು.

೨. ಬೊಟ್ಟು

ಪ್ರಶ್ನೆಗಳನ್ನು ಕಿತ್ತುಹಾಕಿ ಫೋಟೋ ಹಾಕೋಣ ಎಂದಾಯಿತು. ಕಿಟಕಿಯ ಬೆಳಕಿನಲ್ಲಿ, ಇಳಕಲ್ ಸೀರೆಯ ಸೆರಗಿನ ಮೇಲೆ, ತುಂಬಿದ ಬಾಟಲಿ. ನಾನು ಕ್ಲಿಕ್ ಮಾಡುವುದಕ್ಕೆ ಮುಂಚೆ ಅವ್ವ ಬಂದು ಬಾಟಲಿಯ ಮೇಲೆ ಕಾಡಿಗೆಯ ಬೊಟ್ಟು ಇಟ್ಟುಬಿಟ್ಟಳು. ಇಷ್ಟು ಜನ ನೋಡುವಾಗ ದೃಷ್ಟಿ ಆಗುವುದಿಲ್ಲವೇ ಎಂಬುದು ಅವಳ ವಾದ.

ಫೋಟೋ ಹೋಯಿತು. ಮೊದಲ ಕಮೆಂಟು: "ಅದು ಇರುವೆಯಾ?"

ಕಂಪ್ಯೂಟರಿನಲ್ಲಿ ಕೂತು ಬೊಟ್ಟನ್ನು ಅಳಿಸಿದೆ. ಮರುದಿನ ಬೆಳಿಗ್ಗೆ ಫ್ಯಾನು ಒರೆಸುತ್ತಿದ್ದ ಅಣ್ಣನ ಮೊಣಕೈ ತಾಗಿ ಅದೇ ಬಾಟಲಿ ನೆಲಕ್ಕೆ ಬಿದ್ದು ಚೂರಾಯಿತು. ಅವ್ವ ಅಣ್ಣನನ್ನು ಬಯ್ಯಲಿಲ್ಲ. ನನ್ನ ಕಡೆ ತಿರುಗಿ, "ಬೊಟ್ಟು ತಗದೀ?" ಎಂದಷ್ಟೇ ಕೇಳಿದಳು. ಬೊಟ್ಟು ವಾಪಸ್ ಬಂತು, ಮೊದಲಿಗಿಂತ ದೊಡ್ಡದಾಗಿ. ಈಗ ಲೇಬಲ್ಲಿನ ಮೇಲೂ ಇದೆ.

ಮೊನ್ನೆ ಆಫೀಸಿನಲ್ಲಿ ಬೆಂಗಳೂರಿನ ಡಿಸೈನರ್ ಒಬ್ಬಳು ನೋಡಿ, "ಸಕತ್ತಾಗಿದೆ ಲೋಗೋ, ಎಷ್ಟು ಸಿಂಪಲ್ಲಾಗಿದೆ. ಯಾವ ಏಜೆನ್ಸಿ ಮಾಡಿದ್ದು?" ಎಂದು ಕೇಳಿದಳು. ನಮ್ಮ ಏಜೆನ್ಸಿ ಮಧ್ಯಾಹ್ನ ಮಲಗಿರುತ್ತದೆ, ಸಂಜೆ ಫೋನ್ ಮಾಡು ಅಂದೆ.

೩. ಗೆದ್ದವರ ಸಿಟ್ಟು

ಬಹುಮಾನ ಇಟ್ಟರೆ ಹೊಸ ಜನ ಬರುತ್ತಾರೆ ಎಂದು ಎಲ್ಲೋ ಓದಿದ್ದೆ. ನಮ್ಮ ಸೋಶಿಯಲ್ ಮೀಡಿಯಾ ಪುಟವನ್ನು ಹಿಂಬಾಲಿಸಬೇಕು, ಮೂರು ಜನ ಗೆಳೆಯರ ಹೆಸರು ಹಾಕಬೇಕು, ಚೀಟಿ ಎತ್ತಿ ಒಬ್ಬರಿಗೆ ಚಟ್ನಿ ಫ್ರೀ. ಹೆಸರುಗಳು ಧೋ ಎಂದು ಬಂದವು. ವೈನಿಗೆ ಖುಷಿಯೋ ಖುಷಿ. ನಿಧಾನಕ್ಕೆ ನೋಡಿದರೆ ಚಿಗವ್ವ ಮಾವನ ಹೆಸರು ಹಾಕಿದ್ದಳು, ಮಾವ ಸೋದರತ್ತೆಯದು, ಸೋದರತ್ತೆ ಮತ್ತೆ ಚಿಗವ್ವನದು. ಹೊರಗಿನವರು ಒಬ್ಬರೂ ಇರಲಿಲ್ಲ.

ಆದರೂ ಮಾತು ಮಾತೇ. ಲೈವ್ ವಿಡಿಯೋದಲ್ಲಿ ಅವ್ವ ಚೀಟಿ ಎತ್ತಿದಳು. ಬೆಳಗಾವಿಯ ಚಿಗವ್ವ, ಅವ್ವನ ಸ್ವಂತ ತಂಗಿ, ಗೆದ್ದಳು. ಅಭಿನಂದನೆ ಹೇಳಲು ಅವ್ವ ಫೋನ್ ಮಾಡಿದಳು. ಚಿಗವ್ವ ಸಿಡುಕಿದಳು:

"ಅಕ್ಕಾ, ಇಷ್ಟು ವರ್ಷ ಹಂಗ ಕಳಸ್ತಿದ್ದಿ. ಈಗ ನಾ ಚೀಟಿ ಎತ್ತಿಸಿ ಗೆದ್ದು ತಿನ್ನೂ ಹಂಗಾತೇನ?"

ಇದು ಗೆದ್ದವಳ ಕಥೆ. ಸೋತವರ ಮನೆಗಳಲ್ಲಿ ಏನಾಗಿರಬೇಕು ಲೆಕ್ಕ ಹಾಕಿ. ಸಮಾಧಾನ ಮಾಡಲು ಎಲ್ಲರಿಗೂ ಒಂದೊಂದು ಬಾಟಲಿ ಕೊರಿಯರ್ ಮಾಡಿದೆವು. ಬಹುಮಾನ ಸಿಗದೆ ಉಳಿದವನು ನಾನೊಬ್ಬ, ಯಾಕೆಂದರೆ ಮನೆಯಲ್ಲಿ ಚಟ್ನಿ ಮುಗಿದಿತ್ತು.

೪. ಫುಕಟ ಪುಸ್ತಕ

ದೀಪಾವಳಿ ಹತ್ತಿರ ಬಂತು. ಕೊನೆಯ ಉಪಾಯವಾಗಿ, ಹಂಚಿದಷ್ಟೂ ಖರ್ಚಾಗದಂಥದ್ದನ್ನೇ ಕೊಡೋಣ ಅಂದೆ. ಚಟ್ನಿ ಮಾಡುವ ವಿಧಾನವನ್ನೇ ಚಿಕ್ಕ ಪುಸ್ತಕವಾಗಿ ಮಾಡಿ, ಯಾರು ಬೇಕಾದರೂ ಮೊಬೈಲಿಗೆ ಇಳಿಸಿಕೊಳ್ಳುವ ಹಾಗೆ ಹಾಕಿದೆವು. ವೈನಿ ಮರಾಠಿಯಲ್ಲೂ ಬರೆದರು. ನಾನು ಹುರುಪಿನಲ್ಲಿ ಕೊನೆಯ ಪುಟಕ್ಕೆ ಮನೆಯ ವಿಳಾಸವನ್ನೂ ಸೇರಿಸಿದೆ.

ಪುಸ್ತಕ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಮೊಬೈಲ್ ಗ್ರೂಪಿನಿಂದ ಇನ್ನೊಂದಕ್ಕೆ ಹಾರಿತು. ಆರ್ಡರು ಮಾತ್ರ ಒಂದೂ ಇಲ್ಲ. ಯಾಕೆ ಬರುತ್ತದೆ, ಎಲ್ಲರೂ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಅಣ್ಣ ಹೇಳಿದ: "ಶ್ಯಾಣ್ಯಾ, ಅಂಗಡಿ ಕೀಲಿನೂ ಹಂಚಿಬಿಡು." ವೈನಿ ಮುಖ್ಯಾಧ್ಯಾಪಕಿಗೆ 'ಬರುತ್ತೇನೆ' ಎಂದು ಟೈಪ್ ಮಾಡಿ, ಕಳಿಸದೆ, ಫೋನನ್ನು ಮಗುಚಿ ಇಟ್ಟರು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಆಗ ಕರೆಗಂಟೆ ಸದ್ದು ಮಾಡಿತು. ಪಕ್ಕದ ಸೊಸೈಟಿಯ ಮರಾಠಿ ಹೆಂಗಸು, ಕೈಯಲ್ಲಿ ಸ್ಟೀಲಿನ ಡಬ್ಬಿ. ಪುಸ್ತಕ ನೋಡಿ ಮಾಡಿದ್ದಾರಂತೆ, ಏನೋ ಕಡಿಮೆಯಾಗಿದೆ, ಕಾಕೂ, ಅಂದರೆ ನಮ್ಮ ಅವ್ವ, ಸ್ವಲ್ಪ ರುಚಿ ನೋಡಿ ಹೇಳಬೇಕು. ಅವ್ವ ರುಚಿ ನೋಡಿ, ಶೇಂಗಾ ಇನ್ನೂ ಹುರಿಯಬೇಕಿತ್ತು ಅಂದಳು. ಡಬ್ಬಿ ತೊಳೆದಾಯಿತು. ಆದರೆ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ವೈನಿಯ ಚಟ್ನಿಯನ್ನು ಅಂಚಿನವರೆಗೆ ತುಂಬಿ ಕೊಟ್ಟಳು.

ಎರಡು ದಿನ ಬಿಟ್ಟು ಅದೇ ಹೆಂಗಸು ಬಂದರು. ಅವರಲ್ಲೂ ಅದೇ ಪದ್ಧತಿ. ಡಬ್ಬಿ ತುಂಬ ಚಕ್ಕಲಿ. ಚಕ್ಕಲಿ ತೆಗೆದು ಅವ್ವ ಗುರೆಳ್ಳು ಚಟ್ನಿ ತುಂಬಿದಳು. ಅದಕ್ಕೆ ಚಿವಡಾ ಬಂತು. ಚಿವಡಾಕ್ಕೆ ಅಗಸಿ ಚಟ್ನಿ ಹೋಯಿತು. ಅದಕ್ಕೆ ಕರಂಜಿ ಬಂತು. ಇಬ್ಬರೂ ಸೋಲಲು ತಯಾರಿಲ್ಲ. ವೈನಿ ಹಗಲೆಲ್ಲ ಕುಟ್ಟಿದ ಚಟ್ನಿ ಆ ಒಂದು ಡಬ್ಬಿಯಲ್ಲಿ ಪುಕ್ಕಟೆ ಓಡಾಡುತ್ತಿತ್ತು.

ನರಕ ಚತುರ್ದಶಿಯ ಹಿಂದಿನ ಸಂಜೆ ಆಕೆ ಮತ್ತೆ ಬಂದರು. ಡಬ್ಬಿಯಲ್ಲಿ ಉಳಿದ ಚೂರುಪಾರು ಶಂಕರಪಾಳಿ. ಮುಖದಲ್ಲಿ ದಣಿವು. ಅವ್ವನ ಬದಿಯಿಂದ ಸರಿದು ನೇರ ವೈನಿಯ ಹತ್ತಿರ ಹೋಗಿ ಮರಾಠಿಯಲ್ಲಿ ಅಂಗಲಾಚಿದರು: "ಈ ಚಟ್ನಿ ಇಲ್ಲದೆ ನಮ್ಮ ಮನೆಯಲ್ಲಿ ಭಾಕರಿ ರೊಟ್ಟಿ ಗಂಟಲಲ್ಲಿ ಇಳಿಯೋದಿಲ್ಲ. ಆದರೆ ಡಬ್ಬಿಗೆ ತುಂಬಿ ತರಲು ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ. ಹಬ್ಬಕ್ಕೆ ಮಾಡಿದ ತಿಂಡಿ, ಫರಾಳ ಪೂರ್ತಿ ನಿಮ್ಮ ಮನೆಯಲ್ಲೇ ಇದೆ. ದಯವಿಟ್ಟು ದುಡ್ಡು ತಗೊಳ್ಳಿ. ಮೂರೂ ಬಗೆಯದು ಒಂದೊಂದು ಬಾಟಲಿ ಕೊಡಿ, ಡಬ್ಬಿ ಖಾಲಿ ಕೊಡಿ."

ವೈನಿ ನೋಟುಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕಣ್ಣು ತುಂಬಿತ್ತು. ಆಮೇಲೆ ಫೋನ್ ತೆಗೆದು 'ಬರುತ್ತೇನೆ' ಎಂಬುದನ್ನು ಅಳಿಸಿ, 'ಬರುವುದಿಲ್ಲ, ಕ್ಷಮಿಸಿ' ಎಂದು ಕಳಿಸಿದರು. ಅಣ್ಣ ನನ್ನ ಬೆನ್ನು ತಟ್ಟಿದ. ಜೀವನದಲ್ಲಿ ಮೊದಲ ಸಲ ಕೀರ್ತಿ ನನ್ನ ವೆಬ್‌ಸೈಟಿಗೆ ಬಂತು.

ಆಕೆ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು, ಡಬ್ಬಿ ಹಿಡಿದು, ಬಹಳ ದಿನದ ಮೇಲೆ ನೆಮ್ಮದಿಯಿಂದ ಲಿಫ್ಟಿನ ಕಡೆ ಹೋದರು. ಬಾಗಿಲು ಮುಚ್ಚಿದೆವು. ಒಂದು ನಿಮಿಷದಲ್ಲಿ ಮತ್ತೆ ಕರೆಗಂಟೆ. ನೋಡಿದರೆ ಅವರೇ, ಕೈಯಲ್ಲಿ ಮುಚ್ಚಳ ತೆಗೆದ ಡಬ್ಬಿ. ಒಳಗೆ ಒಂದು ಹಿಡಿ ಸಕ್ಕರೆ. ಬರೀ ಡಬ್ಬಿ ಕೊಡಲು ಮನಸ್ಸೊಪ್ಪದೆ ಅವ್ವ ಯಾವ ಮಾಯದಲ್ಲೋ ಹಾಕಿಬಿಟ್ಟಿದ್ದಳು.

ಆಕೆ ಗೋಡೆಗೆ ಒರಗಿ ನಿಂತು ಕೇಳಿದರು: "ಕಾಕೂ, ಇನ್ನು ಈ ಸಕ್ಕರೆಗೆ ನಾನು ಏನು ತರಲಿ?"