ಕಪಾಟಿನಲ್ಲಿ ಅಡಿ ಹಾಕಿದ ಡುರಿಯನ್

ಹಣ್ಣಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಗದಗಿನ ಸಂತೆಯಲ್ಲಿ ಮಾವಿನಕಾಯಿಯ ತೊಟ್ಟು ನೋಡಿಯೇ ಅದರ ಜಾತಕ ಹೇಳುತ್ತಿದ್ದವನು ನಾನು. ಮುಂಡರಗಿಯ ಸೋದರಮಾವನ ಮನೆಯಲ್ಲಿ ಬೇಸಿಗೆಗೆ ಕಾಯಿಗಳನ್ನು ಹುಲ್ಲಿನಲ್ಲಿ ಹುಗಿದು ಹಣ್ಣು ಮಾಡುವ ಕೆಲಸ, ಅಂದರೆ ಅಡಿ ಹಾಕುವ ಕೆಲಸ, ನನ್ನದೇ ಆಗಿತ್ತು. ಹಾಗೆಂದು ನನ್ನ ನೆನಪು. ಮಾವ ಬದುಕಿದ್ದರೆ ಬೇರೆ ಏನಾದರೂ ಹೇಳುತ್ತಿದ್ದರೋ ಏನೋ.

ಈಗ ನಾನು ಕ್ವಾಲಾಲಂಪುರದಲ್ಲಿ ಮುದ್ರಣ ಯಂತ್ರಗಳನ್ನು ದುರಸ್ತಿ ಮಾಡುತ್ತೇನೆ. ನನಗೂ ಹೆಂಡತಿ ಗಿರಿಜಾಗೂ ಸೇರಿ ಎತ್ತರದ ಕಟ್ಟಡವೊಂದರಲ್ಲಿ ಒಂದೇ ಕೋಣೆಯ ಮನೆ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಮಂಚದ ಮೇಲೆ ಕಾಲು ಮಡಚಿಕೊಳ್ಳಬೇಕು.

ಈ ವರ್ಷ ಲಕ್ಷ್ಮೇಶ್ವರದಲ್ಲಿ ಗಿರಿಜಾಳ ಅವ್ವ ತೀರಿಕೊಂಡರು. ನಾವು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕೊನೆಯ ಸಲ ಮುಖ ನೋಡಲಾಗಲಿಲ್ಲ. ಹೊರಡುವಾಗ ಅವಳ ಅಕ್ಕ ಶಾಂತಕ್ಕ ಅವ್ವನ ಹಸಿರು ಸೀರೆಯೊಂದನ್ನು ಬಟ್ಟೆಯ ಚೀಲದಲ್ಲಿಟ್ಟು ಕೊಟ್ಟರು. ಇಲ್ಲಿಗೆ ಬಂದ ಮೇಲೆ ಗಿರಿಜಾ ಅದನ್ನು ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. ಸಂಜೆ ತೆಗೆದು, ಗೋಡೆಯ ಕಡೆ ತಿರುಗಿ ಕೂತು, ಬಹಳ ಹೊತ್ತು ಮುಖಕ್ಕೆ ಒತ್ತಿ ಹಿಡಿಯುತ್ತಿದ್ದಳು. ಅವ್ವನ ಮೈವಾಸನೆ ಇನ್ನೂ ಆ ಸೀರೆಯಲ್ಲಿದೆ, ಅದು ಆರುವವರೆಗೆ ಅವ್ವ ಪೂರ್ತಿ ಹೋದಂತಲ್ಲ ಎಂಬುದು ನನಗೆ ಅರ್ಥವಾಯಿತು. ಈ ಮಾತನ್ನು ಕಾರ್ಖಾನೆಯಲ್ಲಿ ಹೇಳಿದೆ. ಒಬ್ಬಾತ ಕಣ್ಣೊರೆಸಿಕೊಂಡ. ನಾನು ಚೆನ್ನಾಗಿ ಹೇಳಿದ್ದೆ.

ಗಿರಿಜಾ ಊಟವನ್ನೇ ಮರೆತಿದ್ದಳು. ಅರ್ಧ ರೊಟ್ಟಿ ತಿಂದು ಉಳಿದರ್ಧವನ್ನು ನೋಡುತ್ತ ಕೂಡುತ್ತಿದ್ದಳು.

"ಏನರ ಬಾಯಿಗೆ ಬೇಕನಸ್ತೈತೇನು?" ಎಂದು ಕೇಳಿದೆ.

"ಏನೂ ಬ್ಯಾಡ್ರಿ."

"ಡುರಿಯನ್ ತರ್ಲೇನು? ಅದಕ್ಕ ಇಲ್ಲಿ ಮಂದಿ ಜೀವಾ ಬಿಡ್ತಾರ."

"ಬಿಡ್ಲಿ ಬಿಡ್ರಿ."

ಇದನ್ನು ನಾನು ಒಪ್ಪಿಗೆ ಎಂದು ಪರಿಗಣಿಸಿದೆ.

ಡುರಿಯನ್ ಎಂದರೆ ನಮ್ಮ ಹಲಸಿಗೆ ಸಿಟ್ಟು ಬಂದಂತಿರುವ ಹಣ್ಣು, ಮೈತುಂಬ ಮುಳ್ಳು. ಇಲ್ಲಿನವರು ಅದನ್ನು ಅಂಗಡಿಯ ಮುಂದೆಯೇ ಒಡೆಸಿ, ಅಲ್ಲೇ ಕೂತು ತಿಂದು, ಕೈ ತೊಳೆದುಕೊಂಡು ಮನೆಗೆ ಹೋಗುತ್ತಾರೆ. ಹಣ್ಣು ಮನೆಗೆ ಬರುವುದಿಲ್ಲ. ಇದಕ್ಕೆ ಕಾರಣವಿರಬಹುದೆಂದು ನನಗೆ ಹೊಳೆಯಲಿಲ್ಲ. ಅಂಗಡಿಯಾಕೆ ಕತ್ತಿ ಎತ್ತಿದಾಗ ನಾನು ಕೈ ಅಡ್ಡ ಹಿಡಿದೆ. ಒಡೆದ ಹಣ್ಣನ್ನು ನಮ್ಮೂರವರು ನಂಬುವುದಿಲ್ಲ. ಆಕೆ ಇವತ್ತೇ ತಿನ್ನಬೇಕೆಂದು ಕೈಸನ್ನೆ ಮಾಡಿ ಹೇಳಿದಳು. ಹಣ್ಣು ಮಾರುವವರು ಬೆಟಗೇರಿಯಲ್ಲೂ ಹಾಗೇ ಹೇಳುತ್ತಾರೆ.

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಡುರಿಯನ್ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಎಳೆದಿದ್ದಾರೆ. ಕಾನೂನಿಗೆ ತಲೆಬಾಗಿ ಮೆಟ್ಟಿಲು ಹತ್ತಿದೆ. ಹದಿನಾಲ್ಕು ಮಹಡಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಾವಿರುವುದು ಒಂಬತ್ತನೆಯದರಲ್ಲಿ ಎಂದು ಗಿರಿಜಾ ಪ್ರತಿ ಸಲವೂ ತಿದ್ದುತ್ತಾಳೆ.

ನಾನು ಮನೆ ಸೇರಿದಾಗ ಅವಳು ಸ್ನಾನಕ್ಕೆ ಹೋಗಿದ್ದಳು. ಪದ್ಧತಿಯಂತೆ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿದೆ. ಬೆರಳಿನಿಂದ ರಕ್ತ ಬಂತು. ಹಣ್ಣು ಕದಲಲಿಲ್ಲ. ತೀರ್ಪು ಸ್ಪಷ್ಟವಾಗಿತ್ತು: ಕಾಯಿ. ಅಡಿ ಹಾಕಬೇಕು. ಕ್ವಾಲಾಲಂಪುರದಲ್ಲಿ ಹುಲ್ಲು ಎಲ್ಲಿ ತರಲಿ? ಹಳೆಯ ಪತ್ರಿಕೆಗಳಲ್ಲಿ ಸುತ್ತಿ, ಊರಿನಿಂದ ತಂದ ಕಂಬಳಿ ಹೊದಿಸಿ, ಕಪಾಟಿನ ಕೆಳಗಿನ ಅರೆಯಲ್ಲಿ ಕತ್ತಲೆಗಿಟ್ಟು ಬಾಗಿಲು ಹಾಕಿದೆ. ಮೇಲಿನ ಅರೆಯಲ್ಲಿದ್ದ ಸೀರೆಯನ್ನು ನಾನು ಮುಟ್ಟಲಿಲ್ಲ. ಇದು ದಾಖಲೆಯಲ್ಲಿರಲಿ.

ಮರುದಿನ ಗಿರಿಜಾ ಮೂಗು ಎತ್ತಿದಳು. "ರೀ, ಗ್ಯಾಸ್ ಸೋರಾಕತ್ತೈತಿ."

"ಗಟಾರದ್ದಿರಬೇಕು," ಎಂದು ನಾನು ಬಚ್ಚಲಿಗೆ ಫಿನಾಯಿಲ್ ಸುರಿದೆ. ಖರೆ ಹೇಳಬೇಕೆಂದರೆ, ನಾನೂ ಗಟಾರವೆಂದೇ ನಂಬಿದ್ದೆ. ಕಾಯಿಗೆ ಎಲ್ಲಿಯ ವಾಸನೆ?

ಅದರ ಮರುದಿನ ಸಂಜೆ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಹಿಂದೆ ಕಟ್ಟಡದ ಕಾವಲುಗಾರ. ಅವನು ಗ್ಯಾಸಿನ ಕೊಳವೆಗೆ ಸೋಪಿನ ನೀರು ಹಚ್ಚಿ ನೋಡಿದ. ಗುಳ್ಳೆ ಏಳಲಿಲ್ಲ. ಎದ್ದು ನಿಂತು, ಗಾಳಿ ಎಳೆದು, ಒಂದೇ ಪದ ಹೇಳಿದ: ಡುರಿಯನ್.

"ನಮ್ಮ ಮನೆಯಲ್ಲಿ ಸಾಧ್ಯವೇ ಇಲ್ಲ," ಎಂದೆ ನಾನು ಗಂಭೀರವಾಗಿ. "ಅದು ಇನ್ನೂ ಕಾಯಿ."

ಎಲ್ಲರೂ ನನ್ನನ್ನು ನೋಡಿದರು.

ಗಿರಿಜಾ ಕಪಾಟು ತೆರೆದಳು. ನೆರೆಯವರು ಒಟ್ಟಿಗೆ ಹಿಂದೆ ಸರಿದರು. ಕಂಬಳಿಯೊಳಗೆ ಹಣ್ಣು ತಾನೇ ಬಾಯಿ ಬಿಟ್ಟುಕೊಂಡಿತ್ತು. ಅವಳು ಅದರ ಕಡೆ ನೋಡಲಿಲ್ಲ. ಮೇಲಿನಿಂದ ಸೀರೆ ತೆಗೆದು, ಒಮ್ಮೆ ಮುಖದ ಹತ್ತಿರ ಒಯ್ದು, ಕೆಳಗಿಳಿಸಿದಳು.

"ಇದರಾಗ ಇನ್ನ ಮುಖಾ ಇಡಾಕ ಬರ್ತೈತೇನ್ರಿ?"

ದನಿ ಏರಿಸಿರಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಹಣ್ಣನ್ನು ಹೊರಗೆ ಮೆಟ್ಟಿಲ ಮೇಲೆ ಕೂತು ತಿಂದೆವು. ನಾನು ಮತ್ತು ಕಾವಲುಗಾರ. ಅವನು ಬೆರಳು ನೆಕ್ಕಿದ. ನನಗೆ ಬೆಣ್ಣೆ, ಬೆಲ್ಲ ಮತ್ತು ಕೊಳೆತ ಉಳ್ಳಾಗಡ್ಡಿ ಕೂಡಿಸಿ ತಿಂದಂತಾಯಿತು. ಅದೊಂದು ಪ್ರಾಯಶ್ಚಿತ್ತ ಎಂದುಕೊಂಡೆ. ನಾಚಿಕೆಯ ಸಂಗತಿಯೆಂದರೆ, ಎರಡನೆಯ ತೊಳೆ ರುಚಿಯಾಗಿತ್ತು.

ಹೇಗಾದರೂ ಪರಿಹಾರ ಹುಡುಕಬೇಕೆಂದು ಮರುದಿನವೇ ಶಾಂತಕ್ಕನಿಗೆ ಗುಟ್ಟಾಗಿ ಫೋನ್ ಮಾಡಿದೆ. "ಅಕ್ಕಾರ, ಅತ್ತಿಯವರದು ತೊಳೀಲಾರದ ಇಟ್ಟ ಸೀರಿ ಇನ್ನೊಂದು ಐತೇನ್ರಿ?"

"ತೊಳೀಲಾರದ ಇಟ್ಟದ್ದಾ? ಎಲ್ಲಾ ತೊಳದೇನ್ರಿ ವೀರಣ್ಣಾರ. ಗಿರಿಜಾಗ ಕೊಟ್ಟದ್ದಂತೂ ತೊಳದು, ಗಂಜಿ ಹಾಕಿ, ಇಸ್ತ್ರಿ ಮಾಡಿಸಿ ಕೊಟ್ಟೇನಿ. ಪರದೇಶಕ್ಕ ಹೊಂಟದ್ದು, ಹೊಲಸು ಕೊಡಾಕ ಬರ್ತೈತೇನ್ರಿ?"

ನಾನು ಯಾವ ವಾಸನೆಯನ್ನೂ ಕೊಂದಿರಲಿಲ್ಲ. ಅದು ಲಕ್ಷ್ಮೇಶ್ವರದಲ್ಲೇ ಬಕೆಟ್ಟಿನಲ್ಲಿ ಹೋಗಿತ್ತು. ನಿರಪರಾಧಿ ಎಂದು ಸಾಬೀತು ಮಾಡುವ ಸಾಕ್ಷಿ ಕೈಯಲ್ಲಿದೆ, ಹೇಳುವಂತಿಲ್ಲ. ಹೇಳಿದರೆ ಗಿರಿಜಾಳ ಅವ್ವ ಎರಡನೆಯ ಸಲ ಸಾಯುತ್ತಾರೆ. ಜೀವನಪರ್ಯಂತ ಅಪರಾಧಿಯಾಗಿ ಉಳಿಯಲು ನಿರ್ಧರಿಸಿದೆ. ನನ್ನ ಬಗ್ಗೆ ನನಗೇ ಗೌರವ ಉಂಟಾಯಿತು. ಅದು ಮೂರು ದಿನ ಬಾಳಿತು.

ಅಷ್ಟರಲ್ಲಿ ಗಿರಿಜಾ ಸೀರೆಯನ್ನು ತೊಳೆದು ಕಿಟಕಿಗೆ ಹರವಿದ್ದಳು.

"ಅಕ್ಕಗ ಫೋನ್ ಮಾಡಿದ್ರಂತಲ್ಲ," ಎಂದಳು.

"ಅಕ್ಕಾರು ಏನಂದ್ರು?"

"ತೊಳೀಲಾರದ ಸೀರಿ ಬೇಕಂತ, ನಿನ್ನ ಗಂಡಗ ಏನಾಗೈತಿ ಅಂದ್ಲು."

"ಅವರು ತೊಳದಿದ್ದು ನಿಂಗ ಗೊತ್ತಿತ್ತಾ?"

"ಗೊತ್ತಿಲ್ದ ಏನು? ಗಂಜಿ ಹಾಕಿದ್ದು ಮುಖಕ್ಕ ಚುಚ್ಚತಿತ್ತು."

"ಮತ್ತ ದಿನಾ ಏನು ಮೂಸತಿದ್ದಿ?"

ಅವಳು ಸೀರೆಯ ಸುಕ್ಕು ಬಿಡಿಸುತ್ತ ನನ್ನನ್ನು ನೋಡಿದಳು. "ಮೂಸತಿದ್ನೇನ್ರಿ? ಅಳತಿದ್ನಿ. ಇರೂದು ಒಂದ ಕೋಣಿ. ಎಲ್ಲಿ ಹೋಗಿ ಅಳ್ಲಿ? ನೀವು ನೋಡಿದ್ರ ಸಮಾಧಾನ ಮಾಡಾಕ ಬರ್ತೀರಿ."

ಸಮಾಧಾನ ಮಾಡಲು ಬಾಯಿ ತೆರೆದಿದ್ದೆ, ಮುಚ್ಚಿದೆ. ಅವ್ವನ ವಾಸನೆಯ ಕಥೆಯನ್ನು ಅವಳು ಯಾವತ್ತೂ ಹೇಳಿರಲಿಲ್ಲ. ಅದನ್ನು ಕಟ್ಟಿದವನು, ಊರೆಲ್ಲ ಹಂಚಿದವನು, ಅದಕ್ಕೆ ಕಣ್ಣೀರು ವಸೂಲಿ ಮಾಡಿದವನು ನಾನೇ.

"ಈಗ ಎಲ್ಲಿ ಅಳತಿ?"

"ನೀವು ಒಂದೀಟು ಹೊರಗ ಹೋದ್ರ ಎಲ್ಲಿ ಬೇಕಾದಲ್ಲಿ."

ಹಾಗಾಗಿ ಸಂಜೆ ನಾನು ಕೆಳಗೆ ಹೋಗಿ ಕಟ್ಟೆಯ ಮೇಲೆ ಕೂಡುತ್ತೇನೆ. ಇದರಿಂದ ಅವಳ ಊಟ ಸುಧಾರಿಸಿತೆಂದು ಬರೆದರೆ ಬರಹ ಚಂದಾಗಿ ಮುಗಿಯುತ್ತಿತ್ತು. ಸುಧಾರಿಸಿಲ್ಲ. ಅಳು ಮುಗಿದ ಮೇಲೆ ಕಿಟಕಿಯ ದೀಪ ಹಚ್ಚುತ್ತಾಳೆ, ಆಗ ನಾನು ಮೇಲೆ ಬರಬೇಕು. ಇದು ನಮ್ಮ ಒಪ್ಪಂದ. ನಿನ್ನೆ ಎಷ್ಟು ಹೊತ್ತಾದರೂ ದೀಪ ಹತ್ತಲಿಲ್ಲ. ಎಷ್ಟು ದುಃಖವಿದೆ ಇವಳಿಗೆ ಎಂದು ನನ್ನ ಕಣ್ಣೂ ತುಂಬಿ ಬಂತು. ಕೊನೆಗೆ ಧೈರ್ಯ ಮಾಡಿ ಮೇಲೆ ಹೋಗಿ ಬಾಗಿಲು ತೆರೆದೆ. ನಿದ್ದೆ ಹೋಗಿದ್ದಳು.