ಆರಾಮಕುರ್ಚಿ ಮತ್ತು ಮಂಗಲ ಕಾರ್ಯಾಲಯ

ಸರಕಾರ ನಮ್ಮ ಮಾತು ಕೇಳುವುದಿಲ್ಲ ಎಂಬುದು ಲೋಕದ ಗೋಳು. ಪುಣೆಯ ಕೋಥರೂಡದ ನಿಜಲಿಂಗಪ್ಪನವರ ಗೋಳೇ ಬೇರೆ. ಅವರ ಮಾತನ್ನು ಸರಕಾರ ಕೇಳಿಬಿಟ್ಟಿತು! ಅದೂ, ಬೆಳಗಾದರೆ ಮಗಳ ಮದುವೆ ಎನ್ನುವಾಗ.

ಮೊದಲಿನಿಂದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆ ಮನುಷ್ಯನ ಮೇಲೆ ನಿಮಗೆ ಕನಿಕರ ಹುಟ್ಟುವುದಿಲ್ಲ. (ಕೇಳಿದ ಮೇಲೂ ಹುಟ್ಟದಿದ್ದರೆ ನನ್ನನ್ನು ಬೈಯಬೇಡಿ.)

ನಿಜಲಿಂಗಪ್ಪನವರು ಜಮಖಂಡಿ ಕಡೆಯವರು. ಊರಾಚೆ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರಾಗಿ, ಅರ್ಧ ಆಯುಷ್ಯ ಬಸ್ಸಿನಲ್ಲಿ ನಿಂತೇ ಕಳೆದವರು. ನಿವೃತ್ತರಾದ ದಿನ ತಮಗೆಂದು ಕೊಂಡಿದ್ದು ಒಂದೇ ಸಾಮಾನು: ಬೆತ್ತದ ಆರಾಮಕುರ್ಚಿ. ಅದನ್ನು ಕಿಟಕಿಯ ಪಕ್ಕ ಪ್ರತಿಷ್ಠಾಪಿಸಿ, "ಇನ್ನ ಮ್ಯಾಲ ನಾ ಏಳೂದಿಲ್ಲ" ಎಂದು ಹೆಂಡತಿಗೆ ಸಾರಿದರು.

"ಇಷ್ಟ ದಿನ ಎದ್ದು ಏನ್ ಕಡದ ಕಟ್ಟಿ ಹಾಕೀರಿ?" ಎಂದಳು ರುದ್ರವ್ವ.

ಹೋದ ಮಳೆಗಾಲದಲ್ಲಿ ಹೊಳೆ ಉಕ್ಕಿತು. ದಂಡೆಯ ವಸ್ತಿಗೆ, ಅಂದರೆ ಬಡವರ ಗುಡಿಸಲುಗಳಿಗೆ, ನೀರು ನುಗ್ಗಿ, ಜನರನ್ನು ಶಾಲೆಯ ಕೋಣೆಗಳಲ್ಲಿ ಇರಿಸಿದರು. ಕೋಣೆಗಳು ತುಂಬಿದವು. ಆಗ ಇವರ ಮನೆಗೆ ರೊಟ್ಟಿ ಬಡಿಯಲು ಬರುತ್ತಿದ್ದ ತಾಯಮ್ಮ, ತನ್ನ ಗಂಡ, ಅತ್ತೆ, ಮಕ್ಕಳು ಹಾಗೂ ಒಂದು ಕೋಳಿಯನ್ನು ಕಟ್ಟಿಕೊಂಡು ತೊಯ್ದು ತಪ್ಪಡಿಯಾಗಿ ಬಾಗಿಲಲ್ಲಿ ನಿಂತಳು. ರುದ್ರವ್ವ ಎರಡನೆಯ ಮಾತಾಡದೆ ಒಳಗೆ ಕರೆದಳು.

ಕೋಳಿ ಮನೆಯನ್ನೆಲ್ಲ ಸುತ್ತಿ ಪರಿಶೀಲಿಸಿತು. ಆಮೇಲೆ ಆರಾಮಕುರ್ಚಿಯನ್ನೇರಿ ಕೂತಿತು.

"ಲಿಂಗಪೂಜಿ ಆಗೂ ಮನ್ಯಾಗ ಕೋಳಿ ಏನ!" ಎಂದು ನಿಜಲಿಂಗಪ್ಪನವರು ಕೈಯೆತ್ತಿದರೆ ಕುಕ್ಕಲು ಬಂತು.

"ಕೂಡ್ಲಿ ಬಿಡ್ರಿ. ಬಾಯಿಲ್ಲದ ಜೀವ, ಅಂಜೇದ," ಎಂದಳು ರುದ್ರವ್ವ. ಅಂಜಿದವರು ಯಾರೆಂಬುದನ್ನು ಅವಳು ವಿಚಾರಿಸಲಿಲ್ಲ. ನೀರು ಇಳಿಯುವತನಕ ಯಜಮಾನರು ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲಿನ ಮೇಲೆ ಕೂತು ಪೇಪರು ಓದಿದರು.

ಲೋಕಹಿತದ ಚಿಂತನೆಗಳು ಹುಟ್ಟುವುದು ಇಂಥ ಸ್ಟೂಲುಗಳ ಮೇಲೆಯೇ. ಒಂದು ದಿನ ಅವರಿಗೆ ಫಕ್ಕನೆ ಹೊಳೆಯಿತು. ಪುಣೆಯ ಗಲ್ಲಿಗೊಂದು ಮಂಗಲ ಕಾರ್ಯಾಲಯ, ಅಂದರೆ ಮದುವೆಯ ಛತ್ರ, ಇದೆ. ಅಲ್ಲಿ ಗಾದಿಗಳಿವೆ, ಫ್ಯಾನುಗಳಿವೆ, ಊರಿಗೆ ಅನ್ನ ಬೇಯಿಸುವ ಪಾತ್ರೆಗಳಿವೆ, ಸಾಲು ಬಚ್ಚಲುಗಳಿವೆ. ಮರಾಠಿ ಜನ ಆಷಾಢ ಏಕಾದಶಿಯಿಂದ ತುಳಸಿ ಲಗ್ನದತನಕ, ಅಂದರೆ ಚಾತುರ್ಮಾಸ ಮುಗಿಯುವವರೆಗೆ, ಮದುವೆ ಮಾಡುವುದಿಲ್ಲ. ಹೊಳೆ ಉಕ್ಕುವುದೂ ಅದೇ ದಿನಗಳಲ್ಲಿ! ಊರಿಗೆ ನೀರು ಬಂದಾಗ ಕಾರ್ಯಾಲಯಗಳೆಲ್ಲ ಖಾಲಿ. ಶಿವನೇ ಕೂತು ಹೊಂದಿಸಿದ ಹಾಗಿದೆ.

ಈ ವರ್ಷ ಮಳೆ ಹಿಡಿಯುವ ಮೊದಲೇ ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿದರು. ಅಲ್ಲಿಯ ಢಮಢೇರೆ ಸಾಹೇಬರು ಸೌಮ್ಯ ಮನುಷ್ಯ. ಬಂದವರಿಗೆಲ್ಲ ಚಹಾ ಕೊಟ್ಟು "ನೋಡೋಣ" ಎನ್ನುವವರು. ನಿಜಲಿಂಗಪ್ಪನವರು ಚಹಾ ಕುಡಿದು ಮರುದಿನ ಮತ್ತೆ ಹೋದರು. ಕೊನೆಗೆ ವಾರ್ಡಿನ ಸಭೆಯಲ್ಲೇ ಎದ್ದು ನಿಂತು ಭಾಷಣ ಮಾಡಿದರು. (ಮರಾಠಿಯಲ್ಲಿ. ಸರಕಾರದ ಜೊತೆಗೂ ತರಕಾರಿಯವನ ಜೊತೆಗೂ ಅವರು ಜಗಳವಾಡುವುದು ಮರಾಠಿಯಲ್ಲೇ.)

"ಒಂದುವೇಳೆ ಅವತ್ತು ಅಲ್ಲಿ ಯಾರದಾದರೂ ಮದುವೆ ಇದ್ದರೆ, ಕಾಕಾ?" ಎಂದು ಢಮಢೇರೆ ಕೇಳಿದರು.

"ಇದ್ದರೂ ಬಿಡಬೇಡಿ, ಸಾಹೇಬ! ಚಾತುರ್ಮಾಸದಲ್ಲಿ ಮದುವೆ ಇಟ್ಟುಕೊಳ್ಳುವ ಹುಚ್ಚ ಈ ಪುಣೆಯಲ್ಲಿ ಯಾರಿದ್ದಾನೆ?"

ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಬಿದ್ದ ಮೇಲೆ ನಿಜಲಿಂಗಪ್ಪನವರನ್ನು ಹಿಡಿಯುವವರುಂಟೆ? "ವಧುಪಕ್ಷದ ಕೋಣೆ ಬಾಣಂತಿಯರಿಗೆ, ವರಪಕ್ಷದ ಕೋಣೆ ಮುದುಕರಿಗೆ, ಮೊದಲ ಪಂಕ್ತಿ ಮಕ್ಕಳಿಗೆ!" ಎಂದು ಅಲ್ಲಿಯೇ ಹಂಚಿಬಿಟ್ಟರು.

ಅದೇ ವಾರ ಮಗಳು ರೇಣುವಿನ ಮದುವೆ ಕೂಡಿ ಬಂತು. ಹುಡುಗ ಮನೋಜ ಅವಳ ಆಫೀಸಿನವನೇ, ಮಂಡ್ಯದ ಕಡೆಯವನು. ಅವನ ತಾಯಿ ಮುನಿಯಮ್ಮ, ಸೊಸೆ ತಮ್ಮೂರ ಕಡೆಯವಳೇ ಆಗಬೇಕೆಂದು ಎರಡು ವರ್ಷ ಹಟ ಹಿಡಿದಿದ್ದರು. ರೇಣು ಅತ್ತಳು, ಮನೋಜ ಉಪವಾಸ ಕೂತ. (ಆಫೀಸಿನ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದನಂತೆ, ಇರಲಿ.) ಅಂತೂ ಮುನಿಯಮ್ಮ ಫೋನಿನಲ್ಲಿ ಒಪ್ಪಿಗೆ ಕೊಟ್ಟರು.

"ಆಸಾಡ ಕಳೀಲಿ ಬೀಗ್ರೇ. ಸ್ರಾವಣದ ಎರಡನೇ ಭಾನುವಾರ ಮುಹೂರ್ತ ಚೆನ್ನಾಗದೆ. ಅದ್ ತಪ್ತು ಅಂದ್ರೆ ಹುಡುಗಂಗೆ ಗುರುಬಲ ಇಲ್ಲ. ಆಮ್ಯಾಕೆ ನನ್ನ ಕೇಳ್ಬೇಡಿ."

"ಶ್ರಾವಣ ಅಂದ್ರ ಬಂಗಾರದಂಥ ತಿಂಗಳರೀ!" ಎಂದರು ನಿಜಲಿಂಗಪ್ಪನವರು. ಮನುಷ್ಯ ಒಬ್ಬನೇ, ಪಂಚಾಂಗ ಎರಡು. ವಾರ್ಡ್ ಆಫೀಸಿನಲ್ಲಿ ಮರಾಠಿ ಪಂಚಾಂಗ, ಅಡುಗೆಮನೆಯಲ್ಲಿ ಕನ್ನಡದ್ದು. ಒಂದು ಇನ್ನೊಂದರ ಮುಖ ನೋಡಿರಲಿಲ್ಲ.

ಮನೆಯ ಹತ್ತಿರದ ಮಂಗಲ ಕಾರ್ಯಾಲಯದ ಮ್ಯಾನೇಜರು ನಗುತ್ತ, "ಈ ದಿನಗಳಲ್ಲಿ ಮದುವೆಯೇ? ಯಾವ ತಾರೀಖು ಬೇಕಾದರೂ ತಗೊಳ್ಳಿ, ಅರ್ಧ ಬಾಡಿಗೆ" ಎಂದ. ಗೆದ್ದೆನೆಂದು ಬೀಗುತ್ತ ಹೊರಬಂದವರಿಗೆ ಸಿಗ್ನಲ್ಲಿನಲ್ಲಿ ನಿಂತಾಗ ಎದೆ ಧಸಕ್ಕೆಂದಿತು. ಚಾತುರ್ಮಾಸ. ಖಾಲಿ ಕಾರ್ಯಾಲಯ. ತಮ್ಮದೇ ಭಾಷಣ!

ಆಮೇಲೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಲಿಫ್ಟಿನ ಬಲ್ಬಿನ ವಿಷಯದಲ್ಲಿ ಸೊಸೈಟಿಯ ಕಮಿಟಿ ನನ್ನ ಮಾತು ಕೇಳಿಲ್ಲ. ಉಪ್ಪಿಟ್ಟಿನ ವಿಷಯದಲ್ಲಿ ರುದ್ರವ್ವ ಕೇಳಿಲ್ಲ. ಸರಕಾರ ಕೇಳುತ್ತದೆಯೇ? ಆದರೂ ಅವತ್ತಿನಿಂದ ಅವರ ಕಣ್ಣು ಆಕಾಶದ ಮೇಲೆ. ಮೋಡ ಕಂಡರೆ ಊಟ ಸೇರದು. ಮನೆಯವರೆಲ್ಲ ಸೀರೆ ಆರಿಸುತ್ತಿದ್ದರೆ ಇವರು ಮೊಬೈಲಿನಲ್ಲಿ ಹವಾಮಾನ ನೋಡುತ್ತ, "ಶಿವನ, ಇದೊಂದ್ ಭಾನುವಾರ ದಾಟಸಪಾ" ಎಂದು ಬೇಡಿಕೊಳ್ಳುತ್ತಿದ್ದರು.

"ಮಗಳು ಹೋಗ್ತಾಳಂತ ಭಾಳ ಹಚ್ಚಿಕೊಂಡಾರ ಪಾಪ," ಎಂದು ರುದ್ರವ್ವ ನೆಂಟರಿಗೆಲ್ಲ ಹೇಳಿ ಕಣ್ಣೊರೆಸಿಕೊಂಡಳು.

ಶನಿವಾರ ಮಧ್ಯಾಹ್ನ ಹೊಳೆ ಉಕ್ಕಿತು. ಸಂಜೆಯ ಚಹಾದ ಹೊತ್ತಿಗೆ ಢಮಢೇರೆಯವರ ಫೋನು.

"ಅಭಿನಂದನೆ ಕಾಕಾ! ನಿಮ್ಮ ಯೋಜನೆ ಮಂಜೂರು. ವಸ್ತಿಯ ಜನರನ್ನೆಲ್ಲ ನಿಮ್ಮ ಮನೆ ಹತ್ತಿರದ ಕಾರ್ಯಾಲಯಕ್ಕೇ ತಂದಿದ್ದೇವೆ. ನಿಮ್ಮ ಕಣ್ಣೆದುರೇ ಆಗಲಿ ಅಂತ!"

ನಿಜಲಿಂಗಪ್ಪನವರು ಬನಿಯನ್ ಮೇಲೆಯೇ ಕೊಡೆ ಹಿಡಿದು ಓಡಿದರು. ಕಾರ್ಯಾಲಯದ ತುಂಬ ಜನ, ಗಂಟು, ಅಳುವ ಮಕ್ಕಳು. ಕಿಟಕಿ ಕಿಟಕಿಗೂ ಒದ್ದೆ ಚಾದರ.

"ಸಾಹೇಬ, ನಾಳೆ ಇಲ್ಲಿ ಒಂದು ಮದುವೆ ಇದೆ!"

"ಚಾತುರ್ಮಾಸದಲ್ಲಿ ಮದುವೆಯೇ ಕಾಕಾ? ಅಂಥ ಹುಚ್ಚ ಯಾರು?"

ನಿಜಲಿಂಗಪ್ಪನವರು ನೆಲ ನೋಡಿದರು. ಢಮಢೇರೆಯವರಿಗೆ ಅರ್ಥವಾಯಿತು. ಪಾಪ, ಅವರು ನಗಲಿಲ್ಲ. ಆದರೆ ಜನರನ್ನು ಮಳೆಗೆ ತಳ್ಳುವಂತೆಯೂ ಇರಲಿಲ್ಲ. ವೇದಿಕೆ ಮತ್ತು ಅದರ ಮುಂದಿನ ಜಾಗ ಬಿಡಿಸಿಕೊಡುತ್ತೇನೆ, ಮದುವೆಯ ಅಕ್ಕಿಕಾಳು ಹಾಕಿ ಮುಗಿಸಿ, ಕೋಣೆಗಳನ್ನು ಮಾತ್ರ ಕೇಳಬೇಡಿ ಎಂದರು. "ಅವನ್ನು ನೀವೇ ಹಂಚಿದ್ದೀರಿ."

ಮನೆಗೆ ಬಂದು ಹೆಂಡತಿಗೆ ಹೇಳಬೇಕೆಂದು ಬಾಯಿ ತೆರೆದರು. ರುದ್ರವ್ವ ಬೀಗರ ಉಡುಗೊರೆಯ ಸೀರೆಗಳನ್ನು ಜೋಡಿಸುತ್ತಿದ್ದಳು. "ರೀ, ಮುನಿಯಮ್ಮನವರು ಭಾಳ ಕಟ್ಟುನಿಟ್ಟಂತ. ಏನಾರ ಒಂದ್ ಹೆಚ್ಚುಕಮ್ಮಿ ಆತಂದ್ರ ತಾಳಿ ಕಟ್ಟೂದಕ್ಕ ಮುಂಚೆ ಬಸ್ ಹತ್ತತಾರಂತ," ಎಂದಳು. ತೆರೆದ ಬಾಯಿಗೆ ಒಂದು ಉಂಡಿ ಹಾಕಿಕೊಂಡರು.

ಬೆಳಗ್ಗೆ ಬೀಗರ ಬಸ್ಸು ನೇರ ಕಾರ್ಯಾಲಯಕ್ಕೇ ಬಂತು. ಮುಂದೆ ಮುನಿಯಮ್ಮ, ಹಿಂದೆ ಅವರ ಗಂಡ ಮರಿಸ್ವಾಮಿ, ಅವರ ಹಿಂದೆ ಮಂಡ್ಯ ಜಿಲ್ಲೆಯ ಒಂದು ಭಾಗ. ನಿಜಲಿಂಗಪ್ಪನವರು ಅಡ್ಡ ಬರುವಷ್ಟರಲ್ಲಿ ಮುನಿಯಮ್ಮ 'ವರಪಕ್ಷ' ಎಂಬ ಕೋಣೆಯ ಬಾಗಿಲು ತಳ್ಳಿಬಿಟ್ಟಿದ್ದರು. ಒಳಗೆ ಗೋಡೆಯಿಂದ ಗೋಡೆಗೆ ಮುದುಕ ಮುದುಕಿಯರು ಮಲಗಿದ್ದರು. ಅವರ ಮಧ್ಯೆ ಒಂದು ಕೋಳಿ ತಲೆಯೆತ್ತಿ ನಿಜಲಿಂಗಪ್ಪನವರ ಗುರುತು ಹಿಡಿಯಿತು.

"ಯಾರ್ ಬೀಗ್ರೇ ಇವ್ರೆಲ್ಲ?"

ಆ ಗಳಿಗೆಯಲ್ಲಿ ನಿಜ ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ. ಹೆಸರಿನಲ್ಲಿ ಮಾತ್ರ ನಿಜವಿದ್ದ ಆ ಮಹಾನುಭಾವರು, "ನಮ್ಮ ಕಡೆ ಮಂದಿರಿ... ಖಾಸ ಬೀಗರು, ಬಿಜ್ಜರು," ಎಂದುಬಿಟ್ಟರು.

"ಇಷ್ಟೊಂದ್ ಜನವಾ?"

"ಮಗಳ ಮ್ಯಾಲ ಭಾಳ ಮಾಯಾರೀ. ನಾಕ್ ದಿನ ಮುಂಚೆನ ಬಂದಾರ."

ಮೂಲೆಯಲ್ಲಿ ಅತ್ತೆಗೆ ಚಹಾ ಕುಡಿಸುತ್ತಿದ್ದ ತಾಯಮ್ಮ ಎಲ್ಲ ಕೇಳಿಸಿಕೊಂಡಳು. ಸೆರಗು ಸರಿಮಾಡಿಕೊಂಡು ಬಂದು, "ನಾ ಇವರ ತಂಗಿರಿ. ಬರ್ರಿ ಅಕ್ಕಾರ, ಆರಾಮ ಇದ್ದೀರಿ?" ಎಂದಳು. ನಿಜಲಿಂಗಪ್ಪನವರಿಗೆ ಕಣ್ಣಲ್ಲಿ ನೀರು ಬಂತು. ಮುನಿಯಮ್ಮ ಹೊಸ ಬೀಗಿತ್ತಿಯ ಕೈ ಹಿಡಿದುಕೊಂಡರು, ಕಾರಿಡಾರಿನಲ್ಲೇ ಸೀರೆ ಬದಲಿಸಿದರು, ಮುಖ ಗಂಟಿಕ್ಕಿಕೊಂಡರೂ ಬಸ್ಸು ಹತ್ತಲಿಲ್ಲ. ಅದನ್ನೆಲ್ಲ ಹಿಂದೆ ನಿಂತು ನೋಡುತ್ತಿದ್ದ ರುದ್ರವ್ವ ಗಂಡನ ಮುಖಕ್ಕೆ ಒಂದು ದೃಷ್ಟಿ ಬೀರಿದಳು. ಆ ದೃಷ್ಟಿಗೆ ಮರಾಠಿಯಲ್ಲೂ ಕನ್ನಡದಲ್ಲೂ ಒಂದೇ ಅರ್ಥ.

ಮನೋಜ ತಾಳಿ ಕಟ್ಟಿದ. ವಸ್ತಿಯ ಮಂದಿಯೂ ಎದ್ದು ನಿಂತು ಅಕ್ಕಿಕಾಳು ಹಾಕಿದರು. ಮುಗೀತಪ್ಪ, ಗೆದ್ದೆ, ಎಂದು ನಿಜಲಿಂಗಪ್ಪನವರು ಹಣೆಯ ಬೆವರು ಒರೆಸಿಕೊಂಡರು. ಅಷ್ಟರಲ್ಲಿ ಢಮಢೇರೆ ಸಾಹೇಬರು ಶಾಲು, ತೆಂಗಿನಕಾಯಿ ಹಿಡಿದು ವೇದಿಕೆ ಹತ್ತಿದರು. ಮೈಕು ತೆಗೆದುಕೊಂಡು ಮರಾಠಿಯಲ್ಲಿ ಶುರು ಮಾಡಿದರು.

ಮುನಿಯಮ್ಮನಿಗೆ ಮರಾಠಿ ಬಾರದು, ಬಸವಣ್ಣ ದೊಡ್ಡವನು ಎಂದುಕೊಂಡರು ನಿಜಲಿಂಗಪ್ಪನವರು. ಆದರೆ ಅಳಿಯ ಪುಣೆಯಲ್ಲಿದ್ದು ಮರಾಠಿ ಕಲಿತವನು, ಮೇಲೆ ಕಂಪ್ಯೂಟರಿನವನು, ಅರ್ಧ ಕೆಲಸ ಮಾಡಿ ಗೊತ್ತಿಲ್ಲ. "ಅಮ್ಮಾ, ನಾನ್ ಟ್ರಾನ್ಸ್‌ಲೇಟ್ ಮಾಡ್ತೀನಿ," ಎಂದು ಇನ್ನೊಂದು ಮೈಕು ಹಿಡಿದ.

"ಈ ಜನ ಎಲ್ಲ ಫ್ಲಡ್ಡಲ್ಲಿ ಮನೆ ಕಳ್ಕೊಂಡಿರೋರಂತೆ. ಇವ್ರಿಗೆ ಈ ಹಾಲ್ ಕೊಡ್ಸಿದ್ದು ಮಾವನೇ ಅಂತೆ. ಮದ್ವೆ ಇದ್ರೂ ಬಿಡ್ಬೇಡಿ ಅಂದಿದ್ರಂತೆ. ವರಪಕ್ಷದ ರೂಮನ್ನ ಮುದುಕ್ರಿಗೆ ಕೊಡಿ ಅಂತ... ಅದೂ ಮಾವನ ಐಡಿಯಾನೇ ಅಂತೆ, ಅಮ್ಮಾ."

ಶಾಲು ಹೆಗಲ ಮೇಲೆ ಬಿತ್ತು. ಮುನಿಯಮ್ಮ ನಿಧಾನವಾಗಿ ಎದ್ದು ವೇದಿಕೆಯ ಬಳಿ ಬಂದರು.

"ಬೀಗ್ರೇ, ಮನೆಗ್ ನೀರ್ ನುಗ್ಗಿರೋರ್‌ಗೆ ಜಾಗ ಕೊಡೋದು ಪುಣ್ಯದ್ ಕೆಲ್ಸ. ಬಾಯ್ಬಿಟ್ಟು ಹೇಳಿದ್ರೆ ನಾನೇ ನಿಂತು ಅನ್ನ ಬಡಿಸ್ತಿದ್ದೆ. ಮುಚ್ಚಿಟ್ರಲ್ಲ, ನನ್ನ ಅಂತೋಳು ಅಂದ್ಕಂಡ್ರಾ?"

ಕೋಳಿಯಿಂದ ಕುಕ್ಕಿಸಿಕೊಂಡಿದ್ದರೂ ನಿಜಲಿಂಗಪ್ಪನವರಿಗೆ ಅಷ್ಟು ನೋವಾಗುತ್ತಿರಲಿಲ್ಲ. ಈ ಹೆಂಗಸಿಗೆ ಹೆದರಿ ತಿಂಗಳೊಪ್ಪತ್ತು ನಿದ್ದೆಗೆಟ್ಟೆನಲ್ಲ, ಒಮ್ಮೆ ಕೇಳಬಾರದಿತ್ತೆ? "ತಪ್ಪಾತ್ರೀ," ಎಂದು ಕೈಮುಗಿದರು.

"ಆಯ್ತು ಬುಡಿ. ಇಲ್ಲಿ ಜಾಗ ಇಲ್ಲ, ರಸ್ತೇಲಿ ನೀರಂತೆ, ಬಸ್ಸೂ ಹೋಗಾಕಿಲ್ವಂತೆ. ನಾವೆಲ್ಲ ನಿಮ್ಮನೇಲೇ ಇರ್ತೀವಿ," ಎಂದರು ಮುನಿಯಮ್ಮ.

ಸಂಜೆ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರಾಮಕುರ್ಚಿಯಲ್ಲಿ ಮರಿಸ್ವಾಮಿ ಗೊರಕೆ ಹೊಡೆಯುತ್ತಿದ್ದರು. ಸ್ಟೂಲಿನ ಮೇಲೆ ಮನೋಜನ ಸೋದರಮಾವ. ರುದ್ರವ್ವ ಒಂದು ದಿಂಬು, ಚಾದರ ತಂದು ಗಂಡನ ಕೈಗಿಟ್ಟಳು.

"ನಾ ಎಲ್ಲಿ ಹೋಗ್ಲೇ?"

"ನಿಮ್ಮ ಯೋಜನಾ ಭಾಳ ಚೊಲೊ ಅದ ಅಂತ ಶಾಲು ಹೊಚ್ಚ್ಯಾರಲ್ಲ. ಹೋಗಿ ಇದ್ದು ಬರ್ರಿ."

ಕಾರ್ಯಾಲಯದ ಬಾಗಿಲಲ್ಲಿ ತಾಯಮ್ಮ ಎದುರಾಗಿ, ಏನೂ ಕೇಳದೆ ಒಳಗೆ ಕರೆದಳು. ಹೋದ ವರ್ಷ ರುದ್ರವ್ವ ಕರೆದ ಹಾಗೆಯೇ. ಗೋಡೆಯ ಪಕ್ಕ ಒಂದು ಗಾದಿ ಹಾಸಿಕೊಟ್ಟಳು. ನಿಜಲಿಂಗಪ್ಪನವರಿಗೆ ಸೊಂಟ ನೋಯುತ್ತಿತ್ತು. ವೇದಿಕೆಯ ಮೇಲೆ ಮದುಮಕ್ಕಳಿಗೆಂದು ಹಾಕಿದ್ದ ಕೆಂಪು ಮಖಮಲ್ಲಿನ ದೊಡ್ಡ ಕುರ್ಚಿ ಕಾಣಿಸಿತು. ಸ್ವಲ್ಪ ಹೊತ್ತು ಬೆನ್ನು ಆನಿಸೋಣವೆಂದು ಅತ್ತ ನಡೆದರು.

"ಅಣ್ಣಾರ, ಅದರ ಮ್ಯಾಲ ಕೂಡಬ್ಯಾಡ್ರಿ," ಎಂದು ಹಿಂದಿನಿಂದ ತಾಯಮ್ಮ ಕೂಗಿದಳು. "ಅಲ್ಲಿ ಕೋಳಿ ಕುಂತದ."