ರಾರಾವಿ ದ್ವೀಪದ ಮೂಕಿ ಚಿತ್ರ

ನಾನು ಮಿತಭಾಷಿ. ಆದ್ದರಿಂದಲೇ ಎಂ.ಎ.ಗೆ ಪಾಲಿನೇಷ್ಯಾ ದ್ವೀಪಗಳ ಬದುಕಿನ ಬಗ್ಗೆ ಬಂದ ಹಳೆಯ ಮೂಕಿ ಸಾಕ್ಷ್ಯಚಿತ್ರಗಳನ್ನು ಆರಿಸಿಕೊಂಡೆ. ಅವುಗಳಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ನಮ್ಮ ಮನೆತನದಲ್ಲಿ ಈ ಸುಖವಿಲ್ಲ.

ಆ ಕಾಲದ ನಿರ್ದೇಶಕರದು ಒಂದು ವಿಚಿತ್ರ ಪದ್ಧತಿ. ದ್ವೀಪದವರ ಪೇಟೆಯ ಬಟ್ಟೆ ಬಿಚ್ಚಿಸಿ, ಅಜ್ಜಂದಿರ ಕಾಲದ ತೊಗಟೆಯ ಬಟ್ಟೆ ಉಡಿಸಿ, ಎಂದೋ ಕೈಬಿಟ್ಟ ಕೆಲಸಗಳನ್ನು ಮತ್ತೆ ಮಾಡಿಸಿ, ‘ಇದೇ ಇವರ ನಿತ್ಯಜೀವನ’ ಎನ್ನುತ್ತಿದ್ದರು. ಅದೇ ಪದ್ಧತಿಯಲ್ಲಿ ನಾನೂ ಒಂದು ಕಿರುಚಿತ್ರ ತೆಗೆದು ತರಗತಿಯಲ್ಲಿ ತೋರಿಸಬೇಕಿತ್ತು. ಅಂಕವೆಲ್ಲ ಅದರ ಮೇಲೆ. ದ್ವೀಪ ದೂರ; ನಾನು ಓದುವ ಬಳ್ಳಾರಿಗೆ ರಾರಾವಿ ಹಳ್ಳಿ ಹತ್ತಿರ. ಅಲ್ಲಿ ಹೊಳೆಯಿದೆ, ನನ್ನ ಸೋದರತ್ತೆಯೂ ಇದ್ದಾರೆ.

ಅತ್ತೆ ನೈಟಿಯಲ್ಲಿ ಬಾಗಿಲು ತೆಗೆದರು. ಅಡುಗೆಗೆ ಗ್ಯಾಸು; ರೊಟ್ಟಿ ಸಿರುಗುಪ್ಪದ ಅಂಗಡಿಯದು. ನಾನು ಅವರಿಗೆ ಇಳಕಲ್ ಸೀರೆ ಉಡಿಸಿ, ಅಂಗಳದಲ್ಲಿ ಕಲ್ಲಿನ ಒಲೆ ಹೂಡಿ, ರೊಟ್ಟಿ ಬಡಿಯಲು ಕೂರಿಸಿದೆ.

“ಗ್ಯಾಸ್ ಐತಲ್ಲವ್ವಾ. ನಾವೇನು ಅಡವ್ಯಾಗ ಅದೀವೇನು?”

“ಪರೀಕ್ಷಿಗೆ ಬೇಕತ್ತಿ.”

ಪರೀಕ್ಷೆ ಎಂದ ಕೂಡಲೇ ಅತ್ತೆ ಒಪ್ಪಿದರು. ಆದರೆ ಕೈಗೆ ರೂಢಿ ತಪ್ಪಿತ್ತು. ಮೊದಲ ರೊಟ್ಟಿ ಹಂಚು ತಲುಪುವ ಮೊದಲೇ ದ್ವೀಪಸಮೂಹವಾಯಿತು! ಹಸಿ ಕಟ್ಟಿಗೆಯ ಹೊಗೆ ತಾಳದೆ ನಾನು ರಸ್ತೆಯಾಚೆ ನಿಂತು, ಜೂಮ್ ಮಾಡಿ ಚಿತ್ರೀಕರಿಸಿದೆ. ಪಕ್ಕದ ಮನೆಯ ಗಂಗಮ್ಮ ಬಂದು ಕೂತರು. ಅತ್ತೆ ಅವರೊಡನೆ ಮಾತಿಗಿಳಿದರು. ಇಳಿಯಲಿ, ಮೂಕಿ ಚಿತ್ರವಲ್ಲವೇ? ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅವರ ಕೈಯಾಟವೆಲ್ಲ ನನಗೆ ರೊಟ್ಟಿಯ ಕೆಲಸವೆಂದೇ ಕಂಡಿತು. ಬಳ್ಳಾರಿಗೆ ಮರಳಿದವಳೇ ಧ್ವನಿಯನ್ನು ಒಮ್ಮೆಯೂ ಕೇಳದೆ ಅಳಿಸಿಹಾಕಿದೆ. ಶುದ್ಧ ಪದ್ಧತಿ!

ತರಗತಿಯಲ್ಲಿ ಪರದೆಯ ತುಂಬ ಅತ್ತೆ. ಕ್ಯಾಮೆರಾದತ್ತ, ಅಂದರೆ ನನ್ನತ್ತ, ಹಿಟ್ಟಿನ ಬೆರಳು ತೋರಿಸಿದರು. ಇಲ್ಲದ ಮೀಸೆ ತಿರುವಿದರು. ಗಾಳಿಯಲ್ಲೇ ತಾಳಿ ಕಟ್ಟಿದರು. ‘ಕುರುಗೋಡು’ ಎಂದು ಗಂಡಿನ ಊರು ಹೇಳಿದ್ದನ್ನು ಕೊನೆಯ ಬೆಂಚಿನವರೂ ಅವರ ತುಟಿಯಲ್ಲಿ ಓದಿದರು. ಆಮೇಲೆ ಹರಿದ ರೊಟ್ಟಿಯನ್ನು ಎತ್ತಿ ಹಿಡಿದು, ಮತ್ತೆ ನನ್ನತ್ತ ಬೆರಳು ಮಾಡಿ, ಹಣೆ ಚಚ್ಚಿಕೊಂಡರು. ಗೆಳತಿಯರಿಗೂ ಹೇಳದೆ ಮುಚ್ಚಿಟ್ಟಿದ್ದ ಸಂಬಂಧ, ಬಂದದ್ದು, ನೋಡಿದ್ದು, ಮುರಿದದ್ದು, ಎಲ್ಲವೂ ಬಯಲು! ಅಷ್ಟರಲ್ಲಿ ನಾನೇ ಬರೆದ ಅಕ್ಷರಫಲಕ ಮೂಡಿತು: ‘ಹಳ್ಳಿಯ ಬದುಕಿನ ಮೌನ ಸೌಂದರ್ಯ.’

ಮೇಷ್ಟ್ರು ಕಣ್ಣೊರೆಸಿಕೊಂಡು, ಇಷ್ಟು ಸ್ಪಷ್ಟವಾದ ಮೂಕಿ ಚಿತ್ರವನ್ನು ತಾವು ಕಂಡಿಲ್ಲವೆಂದು ಒಳ್ಳೆಯ ಅಂಕವನ್ನೇ ಕೊಟ್ಟರು.

ಸಂಜೆ ಅತ್ತೆಯ ಫೋನು.

“ಎಲ್ಲಾರೂ ನನ್ನ ನೋಡಿದ್ರೇನವ್ವಾ?”

“ನೋಡಿದ್ರತ್ತಿ.”

“ನಾ ಏನಂದೆ ಅಂತ ತಿಳೀತೇನು?”

“ಎಲ್ಲಾ ತಿಳೀತು.”

ಅತ್ತೆ ದನಿ ತಗ್ಗಿಸಿದರು. ಪಾಪ, ನೊಂದುಕೊಂಡರೇನೋ ಎನಿಸಿತು.

“ಹಂಗಾದ್ರ,” ಎಂದರು, “ಯಾರರ ಒಳ್ಳೆ ಹುಡುಗ ಅದಾನಂತ ಅಂದ್ರೇನು?”

ಆ ಚಿತ್ರದಲ್ಲಿ ನಿಜಕ್ಕೂ ಮೂಕಿಯಾದವಳು ನಾನೊಬ್ಬಳೇ.